ಹನ್ನೊಂದನೇ ನಿಮಿಷದ ಅಪರಿಚಿತ

17 ನವೆಂಬರ್ 1997, ಸೋಮವಾರ

ಯಂತ್ರ ನನಗೇ ಸಿಕ್ಕಿತು, ನನಗೇ! ಮದುವೆಯಾಗಿ ಇನ್ನೂ ಮೂರು ತಿಂಗಳು ತುಂಬಿಲ್ಲ, ಅಷ್ಟರಲ್ಲೇ ಎರಡನೇ ಲಾಟರಿ! ನರಸಿಂಹಯ್ಯ ಸಾರ್ ಬೆಳಿಗ್ಗೆ ಲ್ಯಾಬಿನ ಎಲ್ಲರ ಮುಂದೆ ಒಳಕೋಣೆಯ ಬೀಗದ ಕೈಯನ್ನು ನನ್ನ ಅಂಗೈಗಿಟ್ಟು, "ಇನ್ಮೇಲೆ ಮಾಸ್ ಸ್ಪೆಕ್ ನಿಮ್ದು ಕಣಮ್ಮಾ ನಿವೇದಿತಾ. ಕೆಟ್ರೆ ಅದೂ ನಿಮ್ದೇ" ಎಂದರು. ನಾನು ಗಂಭೀರವಾಗಿ ತಲೆಯಾಡಿಸಿದೆ. ಆಮೇಲೆ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು ಕುಣಿದೆ.

ಪೂಜೆಯೂ ಆಯಿತು. ಸಾರ್ ಯಂತ್ರಕ್ಕೆ ಕುಂಕುಮ ಹಚ್ಚಿ, ಕೆಳಗೆ ನಿಂಬೆಹಣ್ಣಿಟ್ಟು, ಊದುಬತ್ತಿ ತೆಗೆದರು. ನಾನು ಕಿರುಚಿಯೇಬಿಟ್ಟೆ. "ಬೇಡ ಸಾರ್! ಆ ಹೊಗೆ ಒಳಗೆ ಹೋದ್ರೆ ವಾರವಿಡೀ ಎಲ್ಲಾ ಸ್ಯಾಂಪಲ್ಲಲ್ಲೂ ಅದೇ ಕಾಣ್ಸುತ್ತೆ!" ಸಾರ್ ಎರಡು ಕ್ಷಣ ಯೋಚಿಸಿ, ಹಚ್ಚದ ಊದುಬತ್ತಿಯನ್ನೇ ಮೂರು ಸುತ್ತು ಬೆಳಗಿದರು. ಇಂಥವರ ಕೈಕೆಳಗೆ ಕೆಲಸ ಮಾಡಲು ಪುಣ್ಯ ಮಾಡಿರಬೇಕು.

ಸಂಜೆ ಪೀಣ್ಯದಿಂದ ನಾಗಸಂದ್ರದವರೆಗೂ ಸ್ಕೂಟರಿನ ಹಿಂದೆ ಕುಳಿತು, ಲಾರಿಗಳ ಸದ್ದಿನ ಮೇಲೆ ಕೂಗಿ ಕೂಗಿ, ನನ್ನ ಗಂಡನಿಗೆ ನನ್ನ ಕೆಲಸ ವಿವರಿಸಿದೆ. (ನನ್ನ ಗಂಡ! ಬರೆಯಲೇ ಎಷ್ಟು ಚೆಂದ. ಪಂಚಾಕ್ಷರಿ. ಜನರ ಮುಂದೆ "ರೀ". ಮಿಕ್ಕ ಹೊತ್ತು ಪಂಚು.) ಮಾತ್ರೆ ನುಂಗಿದರೆ ಮೈ ಅದನ್ನು ಬೇರೇನೋ ಮಾಡಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ, ಆ ಬೇರೇನೋ ಏನು ಎಂದು ಕಂಡುಹಿಡಿಯುವುದು ನಾನು, ಎಂದೆ. ಯಂತ್ರದ ಉದ್ದ ನಳಿಗೆಯಿಂದ ಒಂದೊಂದು ಪದಾರ್ಥ ಒಂದೊಂದು ನಿಮಿಷಕ್ಕೆ ಹೊರಗೆ ಬರುತ್ತದೆ, ಬಂದ ತಕ್ಷಣ ಅದನ್ನು ಚೂರು ಮಾಡಿ ಚೂರುಗಳ ತೂಕ ನೋಡುತ್ತೇವೆ, ಎಂದೆ.

"ಅಂದ್ರ ಬಳಿ ಒಡದು, ಚೂರು ನೋಡಿ, ಯಾರ ಕೈಯಾಗಿನ ಬಳಿ ಅಂತ ಹೇಳೋದು" ಎಂದ ಪಂಚು.

ಹೌದು! ಅದೇ! ಲೇತ್ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದುಕೊಂಡು ಇಷ್ಟು ಚೆನ್ನಾಗಿ ಹೇಳುವವನನ್ನು ಎಲ್ಲಿಂದ ತರುವುದು! ಕಾನ್ವೆಂಟಿನಲ್ಲಿ ಓದಿದ ನಾನು ಎರಡು ತಿಂಗಳು ಕನ್ನಡದಲ್ಲಿ ದಿನಚರಿ ಬರೆಯಲಾರೆ ಎಂದು ಅವನೇ ಪಂಥ ಕಟ್ಟಿದ್ದಾನೆ. ಸೋತರೆ ಒಂದು ತಿಂಗಳು ಪಾತ್ರೆ ತೊಳೆಯಬೇಕು. ತೊಳೆಯುತ್ತಾನೆ.

23 ನವೆಂಬರ್, ಭಾನುವಾರ

ರಾಣೆಬೆನ್ನೂರಿನಿಂದ ಒಂದು ಡಬ್ಬ ಬಂತು. ಪಂಚುವಿನ ತಾಯಿ ಕಮಲಮ್ಮನವರು ಇಲ್ಲಿಗೆ ಬರುತ್ತಿದ್ದ ಯಾರದೋ ಕೈಯಲ್ಲಿ ಕಳಿಸಿದ್ದಾರೆ. ಒಳಗೆ ಐವತ್ತು ಉಂಡೆ! ಮದುವೆಯ ದಿನ ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಆಡಿದ್ದು ಒಂದೇ ಮಾತು: "ಬಾಳ ತೆಳ್ಳಗದಾಳ." ಅದರ ಮುಂದುವರಿದ ಭಾಗ ಈ ಡಬ್ಬ ಇರಬೇಕು.

ಒಂದು ಕಚ್ಚಿದೆ. ಮೊದಲು ಬೆಲ್ಲ, ಆಮೇಲೆ ತುಪ್ಪ, ಆಮೇಲೆ ಕಹಿ, ಕಹಿ, ಕಹಿ. ನೀರು ಕುಡಿದರೂ ಹೋಗಲಿಲ್ಲ. ಜೊತೆಗೊಂದು ಕಾಗದ, ಹಾಳೆಯ ಎರಡೂ ಬದಿಗೆ ಇರುವೆ ಹರಿದಂತೆ ಅಕ್ಷರ. ನಾಲ್ಕು ಸಾಲು ಓದಿದೆ. ಕ್ಷೇಮ, ಚಳಿ, ಎಮ್ಮೆ, ದೊಡ್ಡ ಸೊಸೆಗೆ ಶೀತ. ಉಳಿದದ್ದನ್ನು ಬಿಡುವಾದಾಗ ಓದೋಣವೆಂದು ಸೀರೆಗಳ ಕೆಳಗೆ ತಳ್ಳಿದೆ.

ಆಗ ಹೊಳೆಯಿತು, ಕೆಳಗೆ ದಿವ್ಯಾ ಇದ್ದಾಳಲ್ಲ! ನಮ್ಮ ಮನೆಯ ಓನರ್ ಲಕ್ಷ್ಮಮ್ಮನವರ ಮಗಳು, ಒಂಬತ್ತು ದಿನದ ಬಾಣಂತಿ. ಪಂಚುಗೆ ಅಂತ ಇಪ್ಪತ್ತು ಎತ್ತಿಟ್ಟು ಮಿಕ್ಕಿದ್ದನ್ನು ಹೊತ್ತುಕೊಂಡು ಇಳಿದೆ. ಲಕ್ಷ್ಮಮ್ಮ ಒಂದನ್ನು ಮುರಿದು ಮೂಸಿದರು. "ಅಂಟು, ಗಸಗಸೆ, ಕೊಬ್ರಿ, ಮೆಂತ್ಯ, ಬಾಣಂತಿಗೆ ಏನ್ ಬೇಕೋ ಎಲ್ಲಾ ಆಕವ್ರಲ್ಲವ್ವಾ! ಅದೃಷ್ಟ ಮಾಡಿದ್ದೆ ಬುಡು, ಇಂಥ ಅತ್ತೆ ಸಿಗಾಕೆ."

ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ನಮಗೂ ಅದೇ ನಂಬರ್. ಇನ್ಯಾರು, ಅದೃಷ್ಟವೇ ಆ ಕಡೆ.

"ಏನವ್ವಾ, ಉಂಡಿ ತಿಂದಿಯೇನ?"

"ತಿಂದೆ ಅತ್ತೆ. ತುಂಬಾ ಚೆನ್ನಾಗಿದೆ."

ಎದುರಿಗೆ ದಿವ್ಯಾ ಬಾಯಿತುಂಬ ಉಂಡೆ ಇಟ್ಟುಕೊಂಡು, ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದಳು.

"ಕಹಿ ಆಗಿಲ್ಲಲ್ಲ?"

"ಅಯ್ಯೋ, ಇಲ್ಲವೇ ಇಲ್ಲ ಅತ್ತೆ!"

"ಹಂಗಾರ ಮತ್ತೊಂದು ಡಬ್ಬಿ ಕಳಸತೇನಿ ತಗೋ."

2 ಡಿಸೆಂಬರ್, ಮಂಗಳವಾರ

ಎರಡನೇ ಡಬ್ಬ ಬಂತು. ಹತ್ತು ಪಂಚುಗೆ. ಉಳಿದದ್ದು ಮೆಟ್ಟಿಲು ಹತ್ತಲೇ ಇಲ್ಲ, ನೇರವಾಗಿ ದಿವ್ಯಾಳ ಕೋಣೆಗೆ.

4 ಡಿಸೆಂಬರ್, ಗುರುವಾರ

ಕೂಸಿಗೆ ಹುಷಾರಿಲ್ಲ. ಎರಡು ದಿನದಿಂದ ಕುಡಿದ ಹಾಲನ್ನೆಲ್ಲ ಕಕ್ಕುತ್ತಿದೆ, ಮಂಕಾಗಿ ಮಲಗಿದೆ. ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋಗಿದ್ದರಂತೆ. "ಡಾಕ್ಟ್ರು ಮಗೀನ ಒದ್ದೆಬಟ್ಟೆ ಮೂಸಿ ನೋಡುದ್ರು ಕಣವ್ವ. ಅವ್ರ ಮಕ ಸಣ್ಣಗಾಗೋಯ್ತು" ಎಂದರು ಲಕ್ಷ್ಮಮ್ಮ.

ಬಟ್ಟೆಯಿಂದ ಸುಟ್ಟ ಸಕ್ಕರೆಯ ವಾಸನೆ ಬರುತ್ತಿದೆಯಂತೆ. ಮೇಪಲ್ ಸಿರಪ್ ಕಾಯಿಲೆ ಇರಬಹುದೆಂದು ಡಾಕ್ಟರರ ಅನುಮಾನ. ನಾನು ಓದಿದ್ದೆ! ಲಕ್ಷಕ್ಕೊಂದು ಕೂಸಿಗೆ ಬರುವಂಥದ್ದು. ಹಾಲಿನ ಪ್ರೋಟೀನಿನ ಕೆಲವು ಭಾಗಗಳನ್ನು ಆ ಕೂಸಿನ ಮೈ ಅರಗಿಸಲಾರದು, ಅವು ರಕ್ತದಲ್ಲಿ ತುಂಬಿ ಮೆದುಳಿಗೆ ಏರುತ್ತವೆ. ಅಂಥ ಕೂಸಿಗೆ ತಾಯಿಯ ಹಾಲೇ ವಿಷ. ಮೂತ್ರವನ್ನು ಪರೀಕ್ಷೆಗೆ ಕಳಿಸಿದ್ದಾರೆ. ಎಲ್ಲಿಗೆ? ನಮ್ಮ ಲ್ಯಾಬಿಗೆ! ನನ್ನ ಯಂತ್ರಕ್ಕೆ!

ಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ಸೆರಗು ತಿರುಚುತ್ತಾ, "ನಂಗೇನೋ ಇದು ಅಡುಗೆಮನೆ ವಾಸ್ನೆ ಇದ್ದಂಗೈತೆ ಕಣವ್ವ" ಎಂದರು. ನಾನು ಅವರ ಕೈ ಹಿಡಿದುಕೊಂಡು ಸಮಾಧಾನವಾಗಿ ಹೇಳಿದೆ, ಇಲ್ಲಮ್ಮ, ಮೇಪಲ್ ಅಂತ ಕೆನಡಾದಲ್ಲಿ ಒಂದು ಮರ ಇದೆ, ಇದು ಅದರ ರಸದ ವಾಸನೆ. ನಾನೂ ಆ ಮರ ನೋಡಿಲ್ಲ, ರಸವನ್ನೂ ಮೂಸಿಲ್ಲ. ಆದರೂ ಹೇಳಿದೆ. ಅವರು ಸೆರಗು ಬಿಟ್ಟು ಒಳಗೆ ಹೋದರು.

5 ಡಿಸೆಂಬರ್, ಶುಕ್ರವಾರ

ಓ ದೇವರೇ, ಓ ದೇವರೇ!

ಮೊದಲನೆಯದಾಗಿ, ಆ ಕಾಯಿಲೆಯ ಪದಾರ್ಥಗಳು ಕೂಸಿನ ಸ್ಯಾಂಪಲ್ಲಿನಲ್ಲಿ ಹೆಚ್ಚಾಗಿಲ್ಲ. ಇಲ್ಲವೇ ಇಲ್ಲ! ಆದರೆ ಹನ್ನೊಂದನೇ ನಿಮಿಷಕ್ಕೆ ಕಂಪ್ಯೂಟರಿನ ಪರದೆಯ ಮೇಲೆ ಒಂದು ಗೆರೆ ಎದ್ದು ನಿಂತಿತು. ತೆಳ್ಳಗೆ, ನೆಟ್ಟಗೆ, ಸೊಕ್ಕಿನಿಂದ. ಇಡೀ ತೂಕ 128, ದೊಡ್ಡ ಚೂರು 83. ಕಂಪ್ಯೂಟರಿನಲ್ಲಿರುವ ಸಾವಿರಾರು ಪದಾರ್ಥಗಳ ಪಟ್ಟಿಯನ್ನು ಹುಡುಕಿಸಿದೆ. ಯಾವುದೋ ಬಣ್ಣದ ಹೆಸರು ಕೊಟ್ಟು, ತನಗೂ ನಂಬಿಕೆಯಿಲ್ಲವೆಂದು ಅದೇ ಹೇಳಿತು. ಹೋಲಿಸಿ ನೋಡಲು ನನ್ನದೇ ಮೂತ್ರ ಹಾಕಿದೆ (ನಮ್ಮ ಲ್ಯಾಬಿನಲ್ಲಿ ಇದು ಪದ್ಧತಿ, ನಾಚಿಕೆ ಬಿಟ್ಟವರಿಗೇ ಇಲ್ಲಿ ಕೆಲಸ). ನನ್ನದರಲ್ಲಿ ಹನ್ನೊಂದನೇ ನಿಮಿಷ ಸಪಾಟು ಬಯಲು.

ಅಂದರೆ ಇದು ಹೊಸದು! ಯಾರೂ ಕಾಣದ ಪದಾರ್ಥ, ಬಹುಶಃ ಯಾರೂ ಕಾಣದ ಕಾಯಿಲೆ! ಹೆಸರಿಡುವ ಹಕ್ಕು ಕಂಡವರದು. "ನಿವೇದಿನ್" ಹೇಗೆ? ಪಂಚು ಎರಡನೇ ದೋಸೆಗೆ ಕಾಯುತ್ತಾ, "ಪಂಚಾಮ್ಲ ಅಂತಿಡು, ಮನಿ ಹೆಸರು ಉಳೀಲಿ" ಎಂದ. ದೋಸೆ ಸೀದುಹೋಯಿತು.

8 ಡಿಸೆಂಬರ್, ಸೋಮವಾರ

ಡಾಕ್ಟರ್ ಸ್ವತಃ ಲ್ಯಾಬಿಗೆ ಬಂದಿದ್ದರು. ಚಿಕ್ಕ ವಯಸ್ಸು, ಕಣ್ಣಿನ ಕೆಳಗೆ ಕಪ್ಪು. ನನ್ನ ಕಾಗದ ನೋಡಿ, "ಮೇಡಂ, ಆ ಕಾಯಿಲೆ ಇಲ್ಲ ಅಂತೀರಿ. ಮತ್ತೆ ಇದೇನು?" ಎಂದು ಹನ್ನೊಂದನೇ ನಿಮಿಷದ ಮೇಲೆ ಬೆರಳಿಟ್ಟರು. ಗೊತ್ತಿಲ್ಲ ಎಂದೆ. "ಗೊತ್ತಾಗೋವರೆಗೂ ತಾಯಿ ಹಾಲು ಕೊಡಿಸೋಕೆ ನಂಗೆ ಧೈರ್ಯ ಇಲ್ಲ. ಬೇರೆ ಪುಡಿ ಹಾಲು ಕೊಡ್ತಿದ್ದೀನಿ, ಮಗು ಕುಡೀತಿಲ್ಲ. ಬೇಗ ಹೇಳಿ."

ಕೂಸನ್ನು ಮನೆಗೆ ಕರೆತಂದಿದ್ದಾರೆ. ಅದರ ಅಳು ಮೆಟ್ಟಿಲು ಹತ್ತಿ ಬರುತ್ತದೆ. ದಿವ್ಯಾ ಎದೆ ಕಟ್ಟಿಕೊಂಡು, ಜ್ವರ ಬಂದು, ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ನಾನು ಹೋದಾಗ ಒಂದೇ ಪ್ರಶ್ನೆ ಕೇಳಿದಳು. "ಅಕ್ಕಾ, ನನ್ ಹಾಲಲ್ಲಿ ಏನಿದೆ?"

ನಾಮಕರಣ ಮುಂದಕ್ಕೆ ಹೋಯಿತು.

10 ಡಿಸೆಂಬರ್, ಬುಧವಾರ

ನಳಿಗೆ ಬದಲಾಯಿಸಿದೆ. ಅದೇ ಗೆರೆ. ಸೀಸೆಗಳನ್ನೆಲ್ಲ ಮತ್ತೆ ತೊಳೆದೆ. ಅದೇ ಗೆರೆ. ನರಸಿಂಹಯ್ಯ ಸಾರ್ ನಿಂಬೆಹಣ್ಣು ಬದಲಾಯಿಸಿದರು. ಅದೇ ಗೆರೆ.

13 ಡಿಸೆಂಬರ್, ಶನಿವಾರ

ಬಟ್ಟೆ ನೆನೆಸುತ್ತಿದ್ದೆ. ಪಂಚುವಿನ ಬನಿಯನ್ ಕೈಗೆ ಬಂತು. ಮದುವೆಯಾದ ಹೊಸತು, ಯಾರೂ ನೋಡುತ್ತಿಲ್ಲ, ಮೂಸಿದೆ. (ಇದನ್ನು ಪಂಚು ಓದಿದರೆ ನಾನು ಸತ್ತೆ.)

ಇನ್ನೊಮ್ಮೆ ಮೂಸಿದೆ. ಅದೇ ವಾಸನೆ! ಕೂಸಿನ ಸೀಸೆಯ ಮುಚ್ಚಳ ತೆರೆದಾಗ ಬರುವ ಅದೇ ಪಾಕದ ವಾಸನೆ!

ಹಾರ್ಲಿಕ್ಸ್ ಬಾಟಲಿ ತೊಳೆದು ಅವನ ಮುಂದಿಟ್ಟೆ. ಏನು ಬೇಕೆಂದು ಹೇಳಿದೆ. ಅವನು ಬಾಟಲಿ ನೋಡಿದ, ನನ್ನ ನೋಡಿದ. "ಬ್ಯಾರೆಯವರ ಹೆಂಡಂದ್ರು ಗಂಡನ ಕಡೆ ಹೂ ಕೇಳತಾರ, ಸೀರಿ ಕೇಳತಾರ. ನನಗ ಎಂಥಾಕಿ ಗಂಟು ಬಿದ್ಲಪ್ಪಾ!" ಎಂದು ಬಾಟಲಿ ಹಿಡಿದುಕೊಂಡು ಹೋದ. ಇಡೀ ಪೀಣ್ಯದಲ್ಲಿ ಇಂಥ ಗಂಡ ಇನ್ನೊಬ್ಬನಿಲ್ಲ.

14 ಡಿಸೆಂಬರ್, ಭಾನುವಾರ

ರಜೆ. ಆದರೆ ಬೀಗದ ಕೈ ನನ್ನದಲ್ಲವೇ! ವಾಚ್‌ಮನ್ ಗಂಗಪ್ಪನನ್ನು ಎಬ್ಬಿಸಿ ಲ್ಯಾಬ್ ತೆಗೆಸಿದೆ. ಪಂಚು ಸ್ಟೂಲಿನ ಮೇಲೆ ಕುಳಿತ. ಹತ್ತು ನಿಮಿಷ ಏನೂ ಇಲ್ಲ. ಹನ್ನೊಂದನೇ ನಿಮಿಷಕ್ಕೆ ಎದ್ದು ನಿಂತಿತು. 128. 83. ಕೂಸಿನದಕ್ಕಿಂತ ಎತ್ತರ.

ನಾನು ಅತ್ತೆ. ಜೋರಾಗಿ ಅತ್ತೆ. ನನ್ನ ಪಂಚುಗೂ ಆ ಕಾಯಿಲೆ! ಅವನ ಮೆದುಳು!

"ಇಪ್ಪತ್ತೊಂಬತ್ತು ವರ್ಷ ಬದುಕೇನಿ, ಲೇ. ಮೆದುಳು ಏನಾಗಿದ್ರೂ ಆವಾಗ್ಲೇ ಆಗೇತಿ" ಎಂದ. ಅಳುತ್ತಲೇ ನಗು ಬಂತು. ನಗುತ್ತಲೇ ಕೇಳಿದೆ, ನಿನ್ನೆ ಏನೇನು ತಿಂದೆ?

"ನೀ ಮಾಡಿದ ಸೀದ ದ್ವಾಸಿ. ಅದರ ಮ್ಯಾಲ ಹೊಟ್ಟಿಗಿರಲಿ ಅಂತ ಅವ್ವನ ಉಂಡಿ ಮೂರು."

ಉಂಡೆ. ಪಂಚು ತಿನ್ನುತ್ತಾನೆ. ದಿವ್ಯಾ ತಿನ್ನುತ್ತಾಳೆ. ಕೂಸು ದಿವ್ಯಾಳ ಹಾಲು ಕುಡಿಯುತ್ತಿತ್ತು. ನಾನು ತಿನ್ನುವುದಿಲ್ಲ, ನನ್ನದು ಸಪಾಟು ಬಯಲು. ಉಂಡೆ ಕೊಟ್ಟವಳು ಯಾರು? ನಾನು.

ಮನೆಗೆ ಬಂದು ಸೀರೆಗಳನ್ನೆಲ್ಲ ಎಳೆದುಹಾಕಿ ಆ ಕಾಗದ ಹುಡುಕಿದೆ. ಪಂಚು ಓದಿಕೊಡುತ್ತೇನೆಂದ. ನಾನು ಕೊಡಲಿಲ್ಲ. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ನಾನೇ ಓದಿದೆ, ಅರ್ಧ ಗಂಟೆ ಹಿಡಿಯಿತು. ಎಮ್ಮೆಯನ್ನು ದಾಟಿ, ದೊಡ್ಡ ಸೊಸೆಯ ಶೀತವನ್ನು ದಾಟಿ, ಹಿಂಬದಿಯ ಮೂರನೇ ಸಾಲು. ಹಾಗೇ ಇಲ್ಲಿ ಬರೆದುಕೊಳ್ಳುತ್ತೇನೆ:

"ಇದರಾಗ ಮೆಂತೆ ಬಾಳ ಹಾಕೀನಿ, ಟೊಂಕಕ್ಕ ಶಕ್ತಿ ಬರತೈತಿ. ದಿನಕ್ಕ ಒಂದ ತಿನ್ನು. ಎರಡು ಮೂರು ತಿಂದ್ರ ಬೆವರೆಲ್ಲಾ ಒಂಥರಾ ಸಿಹಿ ವಾಸನಿ ಹೊಡಿತೈತಿ, ನೀ ಆಫೀಸಿಗೆ ಹೋಗಾಕಿ. ಪಂಚು ಕೂಸಿದ್ದಾಗ ನಾನು ಬಾಣಂತನದಾಗ ತಿಂದು ತಿಂದು ಅವನ ಬಟ್ಟಿಯೆಲ್ಲಾ ಬೆಲ್ಲದ ಪಾಕದಂಗ ನಾರತಿದ್ದವು, ಎಲ್ಲಾರೂ ನಕ್ಕಿದ್ದೇ ನಕ್ಕಿದ್ದು. ಕಹಿ ಅನಿಸಿದ್ರ ನಾಚಕೋಬ್ಯಾಡವ್ವಾ, ಹೇಳು. ಬೆಲ್ಲ ಹೆಚ್ಚು ಹಾಕಿ ಮತ್ತ ಮಾಡತೇನಿ."

ಮೂರು ವಾರದಿಂದ ಉತ್ತರ ನನ್ನ ರೇಷ್ಮೆ ಸೀರೆಯ ಕೆಳಗಿತ್ತು.

ಕೆಳಗೆ ಹೋಗಿ ದಿವ್ಯಾಳ ಡಬ್ಬದಿಂದ ಮೂರು ಉಂಡೆ ತೆಗೆದುಕೊಂಡೆ. ಅವಳಿಗೆ ಹೇಳಿದೆ, ನಾಳೆಯವರೆಗೆ ಉಂಡೆ ಮುಟ್ಟಬೇಡ, ನಾಳೆ ಎಲ್ಲ ಹೇಳುತ್ತೇನೆ. ಮೇಲೆ ಬಂದು ಮೂರನ್ನೂ ತಿಂದೆ. ಎರಡನೆಯದಕ್ಕೆ ಕಣ್ಣಲ್ಲಿ ನೀರು ಬಂತು. ಪಂಚು ಲೋಟ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ. ಇದು ನನ್ನ ಯಂತ್ರಕ್ಕಾಗಿ. ಅಲ್ಲ, ಆ ಕೂಸಿಗಾಗಿ.

15 ಡಿಸೆಂಬರ್, ಸೋಮವಾರ

ಬಂತು! ನನ್ನದರಲ್ಲೂ ಬಂತು! ಸಪಾಟು ಬಯಲಿನ ಮಧ್ಯೆ ಹನ್ನೊಂದನೇ ನಿಮಿಷಕ್ಕೆ, ಅಹಾ, ಅದೇ 128, ಅದೇ 83!

ನರಸಿಂಹಯ್ಯ ಸಾರ್ ಮೂರು ಕಾಗದಗಳನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರು. ಕೂಸು, ಪಂಚು, ನಾನು. ಮೂರು ಗೆರೆ ಒಂದೇ ಗೆರೆಯಾಗಿ ಕೂತಿತು. "ಮೆಂತ್ಯಾನಾ?" ಎಂದರು. "ಮೆಂತ್ಯಾನಾ!" ಎಂದರು. ಆಮೇಲೆ ಎಸೆನ್ಸ್ ಮಾಡುವ ಕಂಪನಿಯ ಗೆಳೆಯರಿಗೆ ಫೋನ್ ಮಾಡಿದರು. ಮೆಂತ್ಯದ ಪರಿಮಳಕ್ಕೆ ಕಾರಣವಾದ ಪದಾರ್ಥಕ್ಕೆ ಸೋಟೋಲೋನ್ ಎಂದು ಹೆಸರಂತೆ. ಮೇಪಲ್ ರಸದ ಎಸೆನ್ಸಿಗೆ ಅವರು ಹಾಕುವುದೂ ಅದನ್ನೇ ಅಂತೆ! ಮಧ್ಯಾಹ್ನ ಒಂದು ಚಿಟಿಕೆ ಕಳಿಸಿಕೊಟ್ಟರು. ಅದನ್ನೂ ಹಾಕಿದೆ. ಹನ್ನೊಂದನೇ ನಿಮಿಷ, 128, 83. ಇನ್ನು ಅನುಮಾನವಿಲ್ಲ.

ಡಾಕ್ಟರ್ ಕಾಗದಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಆಮೇಲೆ, "ನಮ್ಮಮ್ಮಾನೂ ಮೆಂತ್ಯ ತಿಂತಾರೆ ಮೇಡಂ. ನಂಗೆ ಹೊಳೀಲೇ ಇಲ್ವಲ್ಲ" ಎಂದರು. ಕಾಯಿಲೆಯ ಪದಾರ್ಥ ಒಂದೂ ಹೆಚ್ಚಿಲ್ಲ, ವಾಸನೆಗೆ ಕಾರಣ ಸಿಕ್ಕಿತು, ಕಕ್ಕುತ್ತಿದ್ದದ್ದು ಬರೀ ಶೀತಕ್ಕೆ ಇರಬೇಕು, ಈಗ ಅದೂ ನಿಂತಿದೆ. ಇವತ್ತೇ ತಾಯಿ ಹಾಲು ಕೊಡಿಸಬಹುದು ಎಂದು ಅವರೇ ಹೇಳಿದರು.

ಸ್ಕೂಟರ್ ನಿಲ್ಲುವ ಮೊದಲೇ ಹಾರಿಕೊಂಡು ಒಳಗೆ ಓಡಿದೆ. ಎಲ್ಲ ಹೇಳಿದೆ. ಉಂಡೆ ನನಗೆ ಸೇರದೆ ಸಾಗಹಾಕಿದ್ದು ಅಂತಲೂ ಹೇಳಿದೆ. ಮನೆ ಖಾಲಿ ಮಾಡು ಅನ್ನುತ್ತಾರೆಂದು ಕಾದೆ.

ಲಕ್ಷ್ಮಮ್ಮ ಕುಕ್ಕರುಗಾಲಲ್ಲಿ ಕುಳಿತುಬಿಟ್ಟರು. "ಅಡುಗೆಮನೆ ವಾಸ್ನೆ ಅಂತ ಅವತ್ತೇ ಅಂದೆ. ನೀನು ಅದ್ಯಾವ್ದೋ ಮರದ್ ಎಸ್ರು ಏಳ್ದೆ, ಡಾಕ್ಟ್ರು ಇಂಗ್ಲೀಸ್ನಾಗೆ ಕಾಯ್ಲೆ ಎಸ್ರು ಏಳುದ್ರು. ನಾನು ಬಾಯ್ ಮುಚ್ಕಂಡೆ. ಮಗು ವಾರದ್ ಮ್ಯಾಲೆ ಉಪಾಸ ಬಿತ್ತಲ್ಲವ್ವಾ!" ಎಂದು ಅತ್ತರು. ನಾನೂ ಅತ್ತೆ. ಕ್ಷಮಿಸಿ ಎಂದೆ. ಅವರು ಮೂಗು ಒರೆಸಿಕೊಂಡು, "ನಿಂಗೇನ್ ಗೊತ್ತು, ಬಸ್ಸಾರೇ ಮಾಡಕ್ ಬರಕ್ಕಿಲ್ಲ" ಎಂದರು.

ದಿವ್ಯಾ ನಮ್ಮಿಬ್ಬರ ಕಡೆ ನೋಡಲೇ ಇಲ್ಲ. ಕೂಸನ್ನು ಎದೆಗೆ ಹಾಕಿಕೊಂಡಿದ್ದಳು. ಮೊದಲು ಎರಡು ಸಲ ಬಾಯಿ ಜಾರಿತು. ಮೂರನೇ ಸಲ ಹಿಡಿಯಿತು. ಆಮೇಲೆ ಮನೆಯಲ್ಲಿ ಆ ಗುಟುಕಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

16 ಡಿಸೆಂಬರ್, ಮಂಗಳವಾರ

ರಾಣೆಬೆನ್ನೂರಿಗೆ ನಾನೇ ಫೋನ್ ಮಾಡಿದೆ. ಲಕ್ಷ್ಮಮ್ಮನವರ ನಡುಮನೆಯಿಂದ, ಎಲ್ಲರೂ ಕೇಳುವಂತೆ.

"ಅತ್ತೆ, ನಾನು ಸುಳ್ಳು ಹೇಳಿದ್ದೆ. ಉಂಡೆ ತಿಂದಿರಲಿಲ್ಲ. ಕಹಿ ಆಯ್ತು. ಕಾಗದಾನೂ ಓದಿರಲಿಲ್ಲ." ಆಮೇಲೆ ಕೂಸಿನ ಕಥೆ, ಬನಿಯನ್ ಕಥೆ (ಮೂಸಿದ್ದು ಬಿಟ್ಟು), ಗೆರೆಯ ಕಥೆ, ಎಲ್ಲ ಒಂದೇ ಉಸಿರಿಗೆ.

ಅವರು ಕೇಳಿದ್ದು ಒಂದೇ ಮಾತು:

"ಕೂಸು ಹಾಲು ಕುಡಿಯಾಕತ್ತೈತೇನ?"

"ಕುಡೀತಿದೆ."

"ಹಂಗಾರ ಆತು ಬಿಡು." ಆಮೇಲೆ ದನಿ ತಗ್ಗಿಸಿ, "ನಾನೂ ಮದುವಿ ಆದ ಹೊಸದಾಗ ನಮ್ಮತ್ತಿ ಉಂಡೀನ ಎಮ್ಮಿಗೆ ಹಾಕತಿದ್ನಿ. ಎಮ್ಮಿ ಹಾಲು ನಾತ ಹೊಡದು ಸಿಕ್ಕಿಬಿದ್ದೆ. ಯಾರಿಗೂ ಹೇಳಿಲ್ಲ, ನಿನಗಷ್ಟ ಹೇಳೀನಿ. ಪಂಚುಗ ಹೇಳಬ್ಯಾಡ."

ಹೇಳಿಲ್ಲ. ಪಂಚು ಮೂರು ಸಲ ಕೇಳಿದ, ಅವ್ವ ಏನಂದ್ಲು ಅಂತ. ಹೇಳಲ್ಲ.

22 ಡಿಸೆಂಬರ್, ಸೋಮವಾರ

ಕೂಸಿನ ಕೆನ್ನೆ ತುಂಬುತ್ತಿದೆ! ಬರುವ ಭಾನುವಾರ ನಾಮಕರಣ. ಸ್ಫೂರ್ತಿ ಅಂತ ಇಡುತ್ತಾರೆ. ಮೆಂತ್ಯಾವತಿ ಅಂತಿಡಿ ಎಂದ ಪಂಚುಗೆ ಲಕ್ಷ್ಮಮ್ಮ ಸೌಟು ತೋರಿಸಿದರು. ಸಾರ್ ವರದಿ ಟೈಪ್ ಮಾಡಿಸಿದ್ದಾರೆ. ಕೆಳಗೆ ಯಾರ ಹೆಸರು ಹಾಕಲಿ ಎಂದು ಕೇಳಿದಾಗ ನನ್ನದರ ಜೊತೆ ಇನ್ನೊಂದು ಹೆಸರನ್ನೂ ಹಾಕಿಸಿದೆ: ಮೊದಲು ಗುರುತಿಸಿದವರು, ಶ್ರೀಮತಿ ಕಮಲಮ್ಮ, ರಾಣೆಬೆನ್ನೂರು. ಸಾರ್ ಕನ್ನಡಕ ತೆಗೆದು ನೋಡಿ, "ಇವರು ಯಾವ ಇನ್‌ಸ್ಟಿಟ್ಯೂಟ್ ಅಮ್ಮಾ?" ಎಂದರು.

ಬೆಲ್ಲ ಜಾಸ್ತಿ ಹಾಕಿದ ಮೂರನೇ ಡಬ್ಬ ಬಂತು. ಒಂದು ತಿಂದೆ. ಇನ್ನೂ ಕಹಿಯೇ. ನಾಮಕರಣಕ್ಕೆ ಬರುತ್ತಾರಲ್ಲ, ಎದುರೇ ಹೇಳುತ್ತೇನೆ.

ಬಸ್ಸಾರು ಕಲಿಯಲು ಐದು ದಿನ ಇದೆ. ಒಳಕೋಣೆಯ ಯಂತ್ರ ತೋರಿಸಲು ಸಾರ್ ಹತ್ತಿರ ಅನುಮತಿ ಕೇಳಿದ್ದಾಯಿತು. ಪಂಚುಗೆ ಅವತ್ತು ಬೆಳಗಿನ ಶಿಫ್ಟ್, ನಾನೊಬ್ಬಳೇ ಸ್ಟೇಷನ್ನಿಗೆ ಹೋಗುತ್ತೇನೆ, ಹೂ ತೆಗೆದುಕೊಂಡು. ಅವ್ವ ಬರುವುದು ಭಾನುವಾರ ಬೆಳಿಗ್ಗೆ, ಯಶವಂತಪುರಕ್ಕೆ, ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ.